ವಸಂತದ ಮುಂಗಡ, ಶರತ್ಕಾಲದ ಫಸಲು

ಅಮೆರಿಕದ ಈಶಾನ್ಯ ಭಾಗದಲ್ಲಿರುವ ನ್ಯೂ ಇಂಗ್ಲೆಂಡ್ ಪ್ರದೇಶದ ತರಕಾರಿ ತೋಟಗಳಿಗೆ ಸೆಪ್ಟೆಂಬರ್ ಬಿಡುವಿಲ್ಲದ ದುಡಿಮೆಯ ತಿಂಗಳು. ಬೇಸಿಗೆಯ ಟೊಮೆಟೊ, ಬದನೆ, ದೊಣ್ಣೆಮೆಣಸಿನಕಾಯಿಗಳ ಕೊಯ್ಲು ಮುಗಿಯುವ ಮೊದಲೇ ಕುಂಬಳ, ಆಲೂಗಡ್ಡೆ, ಕ್ಯಾರೆಟ್, ಎಲೆಕೋಸುಗಳು ಕೈಗೆ ಬರುತ್ತವೆ. ಇಬ್ಬನಿ ಹೆಪ್ಪುಗಟ್ಟುವ ಮೊದಲ ಚಳಿ ಬೀಳುವುದರೊಳಗೆ ನಾಜೂಕಾದ ಬೆಳೆಗಳನ್ನೆಲ್ಲ ಕಟಾವು ಮಾಡಲೇಬೇಕು. ಎಲ್ಲ ತೋಟಗಳಲ್ಲೂ ಒಂದೇ ಕಾಲಕ್ಕೆ ಫಸಲು ಬರುವುದರಿಂದ ಸಗಟು ಬೆಲೆ ಇಳಿಮುಖವಾಗುವುದು ಸಹಜ. ಬೆಳೆ ಇದ್ದಾಗ ಬೆಲೆ ಇಲ್ಲ, ಬೆಲೆ ಇದ್ದಾಗ ಬೆಳೆ ಇಲ್ಲ ಎಂಬ ನಮ್ಮ ರೈತರ ಮಾತು ಅಲ್ಲಿಗೂ ಸಲ್ಲುತ್ತದೆ. ಆದರೆ ಅಲ್ಲಿನ ಕೆಲವು ಸಣ್ಣ ತೋಟಗಳು ಈ ಚಿಂತೆಯಿಂದ ಬಹುಮಟ್ಟಿಗೆ ಮುಕ್ತವಾಗಿವೆ. ಅವುಗಳ ಫಸಲು ವಸಂತದ ಬಿತ್ತನೆಯ ಹೊತ್ತಿಗೇ ಮಾರಾಟವಾಗಿರುತ್ತದೆ.

ಸೇಬಿನಿಂದ ಆರಂಭ

ಈ ಪದ್ಧತಿಗೆ 'ಸಮುದಾಯ ಬೆಂಬಲಿತ ಕೃಷಿ' ಎಂದು ಹೆಸರು. ಜಪಾನಿನಲ್ಲಿ 1970ರ ದಶಕದಲ್ಲಿ ಗ್ರಾಹಕ ಕುಟುಂಬಗಳು ಸಾವಯವ ಬೆಳೆಗಾರರೊಡನೆ ನೇರ ಒಪ್ಪಂದ ಮಾಡಿಕೊಂಡು ಇಂಥದೇ ವ್ಯವಸ್ಥೆಯನ್ನು ಬೆಳೆಸಿದ್ದವು. ಯೂರೋಪಿನಲ್ಲಿ ಸ್ವಿಟ್ಜರ್ಲೆಂಡ್ ಮುಂಚೂಣಿಯಲ್ಲಿತ್ತು. ಆ ದೇಶದ ಅನುಭವವನ್ನು ಹೊತ್ತು ತಂದ ಯಾನ್ ವಾಂಡರ್ ಟುಯಿನ್ ಮತ್ತು ರಾಬಿನ್ ವ್ಯಾನ್ ಎನ್ ಎಂಬ ಮಹಿಳೆ ಇತರ ಸಂಗಡಿಗರೊಡನೆ 1985ರ ಶರತ್ಕಾಲದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸೌತ್ ಎಗ್ರಿಮಾಂಟ್‌ನಲ್ಲಿ ಒಂದು ಸೇಬಿನ ತೋಟದ ಫಲವನ್ನು ಪಾಲುಗಳಾಗಿ ಹಂಚಿದರು. ಮರುವರ್ಷ ವ್ಯಾನ್ ಎನ್ ಅವರ ಇಂಡಿಯನ್ ಲೈನ್ ಫಾರ್ಮ್‌ನಲ್ಲಿ ತರಕಾರಿ ಪಾಲುಗಳು ಆರಂಭವಾದವು. ಅದೇ 1986ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಟೆಂಪಲ್-ವಿಲ್ಟನ್ ಸಮುದಾಯ ತೋಟವೂ ತಲೆಯೆತ್ತಿತು. 2015ರಲ್ಲಿ ಅಮೆರಿಕದ ಕೃಷಿ ಇಲಾಖೆ ನಡೆಸಿದ ಸಮೀಕ್ಷೆಯ ಪ್ರಕಾರ 7,398 ತೋಟಗಳು ಈ ಮಾರ್ಗದಲ್ಲಿ 22.6 ಕೋಟಿ ಡಾಲರ್ ಮೌಲ್ಯದ ಉತ್ಪನ್ನವನ್ನು ಮಾರಿದ್ದವು. ತೋಟವೊಂದಕ್ಕೆ ಸರಾಸರಿ ಸುಮಾರು 30,500 ಡಾಲರ್ ಆಗುತ್ತದೆ. ವಹಿವಾಟು ಸಣ್ಣದು. ಆದರೆ ಅದರ ಹಣಕಾಸಿನ ಸ್ವರೂಪ ವ್ಯಾಪಾರಸ್ಥರ ಗಮನಕ್ಕೆ ಯೋಗ್ಯವಾಗಿದೆ.

ದುಡಿಮೆ ಬಂಡವಾಳದ ಲೆಕ್ಕ

ಬೆಳೆಗಾರನು ಬೀಜ, ಗೊಬ್ಬರ, ಕೂಲಿ, ಯಂತ್ರ, ಗೇಣಿ ಇವುಗಳನ್ನೆಲ್ಲ ಕೂಡಿಸಿ ವರ್ಷದ ಖರ್ಚಿನ ಅಂದಾಜು ತಯಾರಿಸುತ್ತಾನೆ. ಆ ಮೊತ್ತವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿದರೆ ಒಂದು ಪಾಲಿನ ಬೆಲೆ ದೊರೆಯುತ್ತದೆ. ಸದಸ್ಯರು ಚಳಿಗಾಲದ ಕೊನೆಯಲ್ಲೋ ವಸಂತದಲ್ಲೋ ಹಣ ಪಾವತಿ ಮಾಡಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ತಮ್ಮ ಬುಟ್ಟಿಯನ್ನು ಪಡೆಯುತ್ತಾರೆ. ಖರ್ಚು ಹೆಚ್ಚಾಗಿ ಬೀಳುವ ಕಾಲಕ್ಕೆ ಬಡ್ಡಿಯಿಲ್ಲದ ಬಂಡವಾಳ ಕೈಸೇರುವುದೇ ಇದರ ಮುಖ್ಯ ಅನುಕೂಲ.

ಸೆಪ್ಟೆಂಬರ್‌ನಲ್ಲಿ ಇದರ ಇನ್ನೊಂದು ಪ್ರಯೋಜನ ಕಾಣುತ್ತದೆ. ಹಣದ ತುರ್ತಿನಿಂದ ಅಗ್ಗಕ್ಕೆ ಮಾರುವ ಒತ್ತಡವಿಲ್ಲದ ಕಾರಣ ಫಸಲನ್ನು ಹದಮಾಡಿ ಕಾಯ್ದಿಡಲು ಸಾಧ್ಯವಾಗುತ್ತದೆ. ಚಳಿಗಾಲದ ಕುಂಬಳವನ್ನು ಸುಮಾರು 10 ದಿನ 27ರಿಂದ 29 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಗಾಳಿಯಲ್ಲಿಟ್ಟು ಸಿಪ್ಪೆ ಗಟ್ಟಿಯಾದ ಬಳಿಕ 10ರಿಂದ 13 ಡಿಗ್ರಿಯಲ್ಲಿ ಇರಿಸಿದರೆ ಹಲವು ತಳಿಗಳು ತಿಂಗಳುಗಟ್ಟಲೆ ಕೆಡುವುದಿಲ್ಲ. ಕಿತ್ತ ಆಲೂಗಡ್ಡೆಯನ್ನು ಕತ್ತಲಲ್ಲಿ ಎರಡು ವಾರ ಇಟ್ಟರೆ ಅದರ ಗಾಯಗಳು ಮಾಯುತ್ತವೆ. ಕೇಲ್ ಸೊಪ್ಪು ಮತ್ತು ಕ್ಯಾರೆಟ್‌ಗಳನ್ನು ಹೊಲದಲ್ಲಿಯೇ ಬಿಡಬಹುದು. ಚಳಿ ತಾಗಿದಾಗ ಅವುಗಳ ಪಿಷ್ಟ ಸಕ್ಕರೆಯಾಗಿ ರುಚಿ ಹೆಚ್ಚುತ್ತದೆ. ಹೀಗಾಗಿ ಕೆಲವು ತೋಟಗಳು ಪ್ರತ್ಯೇಕ ಚಳಿಗಾಲದ ಪಾಲುಗಳನ್ನೂ ಮಾರುತ್ತವೆ.

ನಷ್ಟ ಯಾರದು?

ಈ ಒಪ್ಪಂದದ ತಿರುಳು ಹಾನಿಯ ಹಂಚಿಕೆಯಲ್ಲಿದೆ. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತ ವರ್ಮಾಂಟ್ ರಾಜ್ಯವನ್ನು ಅಪ್ಪಳಿಸಿದಾಗ ವಿನೂಸ್ಕಿ ನದಿ ಉಕ್ಕಿ ಬರ್ಲಿಂಗ್ಟನ್ ನಗರದ ಇಂಟರ್‌ವೇಲ್ ಬಯಲಿನ ತೋಟಗಳು ಜಲಾವೃತವಾದವು. ಶರತ್ಕಾಲದ ಕೊಯ್ಲು ಇನ್ನೂ ಹೊಲದಲ್ಲೇ ಇತ್ತು. ತಿನ್ನುವ ಭಾಗಕ್ಕೆ ಪ್ರವಾಹದ ನೀರು ತಗುಲಿದ ಬೆಳೆಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕಲಬೆರಕೆ ಎಂದೇ ಪರಿಗಣಿಸುವುದರಿಂದ, ನೋಡಲು ಚೆನ್ನಾಗಿದ್ದರೂ ಅದನ್ನು ಮಾರುವಂತಿಲ್ಲ.

ಉದಾಹರಣೆಗೆ, 200 ಸದಸ್ಯರು ತಲಾ 500 ಡಾಲರ್ ನೀಡಿದ ತೋಟವೊಂದರ ಕಾಲುಭಾಗ ಫಸಲು ಹಾಳಾಯಿತೆಂದುಕೊಳ್ಳೋಣ. ಬೆಳೆಗಾರನೊಬ್ಬನೇ ಹೊರಬೇಕಾಗಿದ್ದ 25,000 ಡಾಲರ್ ನಷ್ಟ, ಸದಸ್ಯರೊಬ್ಬರಿಗೆ 125 ಡಾಲರ್‌ನಂತೆ ಹಂಚಿಹೋಗುತ್ತದೆ. ಒಂದು ಸಂಸಾರವನ್ನು ಸಾಲಕ್ಕೆ ದೂಡಬಲ್ಲ ಹೊರೆ, ನೂರಾರು ಮನೆಗಳಿಗೆ ತಾಳಿಕೊಳ್ಳಬಹುದಾದಷ್ಟು ಹಗುರವಾಗುತ್ತದೆ.

ಆದರೆ ಈ ರಕ್ಷಣೆಯ ಆಯುಸ್ಸು ಒಂದೇ ವರ್ಷ. ಖಾಲಿ ಬುಟ್ಟಿ ಕಂಡ ಸದಸ್ಯನು ಮುಂದಿನ ವಸಂತದಲ್ಲಿ ಪಾಲನ್ನು ನವೀಕರಿಸದಿದ್ದರೆ ಅದೇ ನಷ್ಟ ತಡವಾಗಿ ಬೆಳೆಗಾರನ ಮನೆಗೇ ಮರಳುತ್ತದೆ. ಅತಿಯಾದ ಫಸಲೂ ತೊಂದರೆಯೇ. ವಾರವಾರವೂ ಬರುವ ಸೊಪ್ಪು, ಕುಂಬಳಗಳನ್ನು ಅಡುಗೆಗೆ ಬಳಸಲಾಗದೆ ಸದಸ್ಯತ್ವ ಬಿಡುವವರಿದ್ದಾರೆ. ಪಾಲಿನ ಬೆಲೆ ತಗ್ಗಿಸುವ ಆತುರದಲ್ಲಿ ತಮ್ಮ ಸ್ವಂತ ದುಡಿಮೆಗೆ ಕೂಲಿ ಹಚ್ಚದ ಬೆಳೆಗಾರರೂ ಇದ್ದಾರೆ. ಆಗ ಲೆಕ್ಕಪುಸ್ತಕ ಸರಿಯಿದ್ದರೂ ಕಸುಬು ಸೊರಗುತ್ತದೆ. ಆದ್ದರಿಂದ ಅನುಭವಿಗಳು ಏನು ಬೆಳೆದಿದೆ, ಏನು ಕೆಟ್ಟಿದೆ, ಏಕೆ ಕೆಟ್ಟಿದೆ ಎಂಬುದನ್ನು ಸದಸ್ಯರಿಗೆ ಕಾಲಕಾಲಕ್ಕೆ ತಿಳಿಸುತ್ತಾರೆ. ಕೊಯ್ಲಿನ ದಿನ ತೋಟಕ್ಕೆ ಕರೆಯುತ್ತಾರೆ. ಹೊಲವನ್ನು ಕಂಡ ಗ್ರಾಹಕನಿಗೆ ಕೊರತೆಯ ಕಾರಣವನ್ನು ವಿವರಿಸುವುದು ಸುಲಭ.

ಭೂಮಿಯ ಪ್ರಶ್ನೆ

ವಾರ್ಷಿಕ ಮುಂಗಡದಿಂದ ಜಮೀನು ಕೊಳ್ಳಲಾಗದು ಎಂಬುದು ಇಂಡಿಯನ್ ಲೈನ್ ಫಾರ್ಮ್‌ನ ಮುಂದಿನ ಕಥೆಯಿಂದ ಸ್ಪಷ್ಟವಾಗುತ್ತದೆ. ವ್ಯಾನ್ ಎನ್ 1997ರಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಜಮೀನು ಅನ್ಯರ ಪಾಲಾಗುವ ಸಂಭವವಿದ್ದಾಗ, ಸ್ಥಳೀಯ ಸಮುದಾಯ ಭೂ ಟ್ರಸ್ಟ್ ಮತ್ತು ನೇಚರ್ ಕನ್ಸರ್ವೆನ್ಸಿ ಸಂಸ್ಥೆಗಳು ಕೈಜೋಡಿಸಿ 1999ರಲ್ಲಿ ಅದನ್ನು ಉಳಿಸಿಕೊಂಡವು. ಕಟ್ಟಡಗಳ ಒಡೆತನ ಹೊಸ ಬೆಳೆಗಾರರಿಗೆ ಸೇರಿತು. ಭೂಮಿ 99 ವರ್ಷಗಳ ಗುತ್ತಿಗೆಯ ಮೇಲೆ ಅವರ ಸಾಗುವಳಿಗೆ ದೊರೆಯಿತು. ಋತುವಿನ ಖರ್ಚನ್ನು ಸದಸ್ಯರ ಮುಂಗಡ ನಿಭಾಯಿಸೀತು. ತಲೆಮಾರುಗಳ ಕಾಲ ಉಳಿಯಬೇಕಾದ ಭೂಮಿಗೆ ಅಷ್ಟೇ ದೀರ್ಘಾವಧಿಯ ಬಂಡವಾಳ ಬೇಕು.