ಮರೆಗುಳಿ ಕಾಯಿಲೆಗೆ ಗಾಂಜಾ ಮದ್ದಾದೀತೇ?

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮನೆಯ ಹಿರಿಯರು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದಾಗ, ಮಗನನ್ನು ತಮ್ಮನ ಹೆಸರಿನಿಂದ ಕರೆದಾಗ, ಸಂಜೆಯಾದೊಡನೆ "ಮನೆಗೆ ಹೋಗಬೇಕು" ಎಂದು ಸ್ವಂತ ಮನೆಯಿಂದಲೇ ಹೊರಟು ನಿಂತಾಗ ಈ ಗಾದೆ ಹೇಳಿ ಸುಮ್ಮನಾಗುತ್ತೇವೆ. ಆದರೆ ಇದು ವಯಸ್ಸಿನ ಗುಣವಲ್ಲ, ಮಿದುಳಿನ ಕಾಯಿಲೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಕನ್ನಡದಲ್ಲಿ ಮರೆಗುಳಿ ಕಾಯಿಲೆ ಎಂಬ ಹೆಸರಿದೆ. ಇದರಲ್ಲಿ ಹಲವು ಬಗೆಗಳಿದ್ದು, ಅಲ್ಜೈಮರ್ ಕಾಯಿಲೆ ಅವುಗಳಲ್ಲಿ ಮುಖ್ಯವಾದುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆ.

ಇದನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆದ್ದರಿಂದಲೇ ಹೊಸ ಮದ್ದಿನ ಸುದ್ದಿ ಬಂದರೆ ಮನೆಯವರ ಮನಸ್ಸು ಅತ್ತ ಓಡುವುದು ಸಹಜ. ಗಾಂಜಾ ಗಿಡದಿಂದ ತೆಗೆದ ಎಣ್ಣೆ ನೆನಪನ್ನು ಮರಳಿಸುತ್ತದೆ ಎಂಬ ಮಾತು ಅಂತಹ ಸುದ್ದಿಗಳಲ್ಲಿ ಒಂದು. ಇದರಲ್ಲಿ ಎಷ್ಟು ನಿಜ, ಎಷ್ಟು ಆಸೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಯರಗೇರಾದ ಒಂದು ಮನೆ

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿ ಯರಗೇರಾ ಎಂಬ ಊರಿದೆ. ಬಳ್ಳಾರಿ ಧರ್ಮಕ್ಷೇತ್ರದ ವ್ಯಾಪ್ತಿಗೆ ಬರುವ ರಾಯಚೂರು ಸೀಮೆಯಲ್ಲಿ ನಮ್ಮ ಕರಾವಳಿಯಿಂದ ಹೋದ ಅನೇಕ ಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸಿದ್ದಾರೆ. ಅಲ್ಲಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಹೊಲಕ್ಕೆ ಹೋಗಬೇಕು. ಎಪ್ಪತ್ತು ದಾಟಿದ ತಾಯಿ ರಾತ್ರಿಯಿಡೀ ಮಲಗುವುದಿಲ್ಲ, ಕೂಗುತ್ತಾರೆ, ಬಾಗಿಲು ತೆಗೆದು ಹೊರಗೆ ಹೋಗುತ್ತಾರೆ. ಮನೆಭೇಟಿಗೆ ಬಂದ ಸಿಸ್ಟರ್ ಬಳಿ ಮಗ ಕೇಳುತ್ತಾನೆ: "ಸಿಸ್ಟರ್, ಗಾಂಜಾದ ಎಣ್ಣಿ ಕೊಟ್ರ ಅವ್ವಗ ನೆನಪು ಬರತೈತೇನ್ರಿ?"

ಆ ಸೀಮೆಯಲ್ಲಿ ಈ ಪ್ರಶ್ನೆ ವಿಚಿತ್ರವಾದುದಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಅವಧೂತ, ಆರೂಢ ಮೊದಲಾದ ಪರಂಪರೆಗಳ ಕೆಲವರು ಗಾಂಜಾವನ್ನು ಧ್ಯಾನಕ್ಕೆ ನೆರವಾಗುವ ಪವಿತ್ರ ವಸ್ತುವೆಂದು ಬಳಸುತ್ತಾರೆ. ದೇವದುರ್ಗದ ಆಚೆ ಕೃಷ್ಣಾ ನದಿಯ ದಂಡೆಯಲ್ಲಿರುವ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಅದನ್ನು ಪ್ರಸಾದವಾಗಿ ಕೊಡುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ಜನ ಬಲ್ಲ ಗಿಡವಾದ್ದರಿಂದ ಅದೇ ಮದ್ದೂ ಆಗಬಹುದು ಎಂದು ತೋರುವುದು ಸುಲಭ. ಒಬ್ಬರ ನಂಬಿಕೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಬಳಕೆಯೇ ಬೇರೆ, ಮಿದುಳು ದುರ್ಬಲವಾದ ಹಿರಿಯರಿಗೆ ಚಿಕಿತ್ಸೆ ಕೊಡುವುದೇ ಬೇರೆ.

ಗಿಡದಲ್ಲಿ ಏನಿದೆ?

ಈ ಗಿಡದಲ್ಲಿ ನೂರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳಿವೆ. ಅವುಗಳಲ್ಲಿ ಎರಡು ಮುಖ್ಯ. ಒಂದು ಟಿಎಚ್‌ಸಿ, ಅಮಲು ತರುವುದು ಇದೇ. ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ರಚನೆಯನ್ನು ತಿಳಿಸಿದವರು ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಶೂಲಮ್ ಮತ್ತು ಸಂಗಡಿಗರು, 1964ರಲ್ಲಿ. ಇನ್ನೊಂದು ಸಿಬಿಡಿ, ಇದು ಅಮಲು ತರುವುದಿಲ್ಲ. ಮಕ್ಕಳಲ್ಲಿ ಕಾಣುವ ಕೆಲವು ತೀವ್ರ ಬಗೆಯ ಮೂರ್ಛೆರೋಗಗಳಿಗೆ ಸಿಬಿಡಿಯಿಂದ ತಯಾರಿಸಿದ ಔಷಧಕ್ಕೆ 2018ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು.

ಟಿಎಚ್‌ಸಿ ನಮ್ಮ ಮಿದುಳಿನ ಜೀವಕೋಶಗಳ ಮೇಲಿರುವ ಕೆಲವು ಗ್ರಾಹಕಗಳಿಗೆ ಬೀಗಕ್ಕೆ ಕೀಲಿ ಕೂಡಿದಂತೆ ಕೂಡಿಕೊಳ್ಳುತ್ತದೆ. ಹೊಸ ನೆನಪು ರೂಪುಗೊಳ್ಳುವ ಭಾಗದಲ್ಲಿ ಇಂತಹ ಗ್ರಾಹಕಗಳು ಬಹಳ. ಆದುದರಿಂದಲೇ ಗಾಂಜಾ ಸೇದಿದವನಿಗೆ ಐದು ನಿಮಿಷದ ಹಿಂದೆ ಆಡಿದ ಮಾತು ನೆನಪಿರುವುದಿಲ್ಲ. ಮರೆವನ್ನು ತರುವುದೆಂದು ಗೊತ್ತಿರುವ ವಸ್ತುವನ್ನು ಮರೆವಿಗೆ ಮದ್ದಾಗಿ ಏಕೆ ಪರೀಕ್ಷಿಸುತ್ತಾರೆ ಎಂದು ನೀವು ಕೇಳಬಹುದು. ಅದಕ್ಕೆ ಪ್ರಯೋಗಶಾಲೆಯ ಕೆಲವು ಫಲಿತಾಂಶಗಳು ಕಾರಣ. ಅಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕಲ್ಮಷದಂತೆ ಸೇರಿಕೊಳ್ಳುತ್ತದೆ, ಜೊತೆಗೆ ಉರಿಯೂತ ಉಂಟಾಗುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳಲ್ಲಿ ಟಿಎಚ್‌ಸಿ ಈ ಕಲ್ಮಷವನ್ನು ಕಡಿಮೆ ಮಾಡಿತೆಂದು 2016ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು ತಿಳಿಸಿದರು. ಅತಿ ಕಡಿಮೆ ಪ್ರಮಾಣದ ಟಿಎಚ್‌ಸಿ ಕೊಟ್ಟ ಮುದಿ ಇಲಿಗಳ ನೆನಪು ಸುಧಾರಿಸಿತೆಂದು 2017ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ತಂಡ ವರದಿ ಮಾಡಿತು. ನೆನಪು ಮರಳುತ್ತದೆ ಎಂಬ ಮಾತಿಗೆ ಇಂತಹ ಸುದ್ದಿಗಳೇ ಬಲ ಕೊಟ್ಟವು. ಆದರೆ ಇಲಿಗೆ ಹಿಡಿದ ಮದ್ದು ಮನುಷ್ಯನಿಗೆ ಹಿಡಿಯುತ್ತದೆ ಎಂದೇನೂ ಇಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳು ಹೇಳುವುದೇನು?

ಇಲ್ಲಿ ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ಮನುಷ್ಯರಲ್ಲಿ ನಡೆದ ಪ್ರಮುಖ ಪ್ರಯೋಗಗಳು ನೆನಪನ್ನು ಮರಳಿಸಲು ನಡೆದವುಗಳಲ್ಲ. ಕಾಯಿಲೆ ಮುಂದುವರಿದಾಗ ಬರುವ ರೇಗಾಟ, ಕೂಗಾಟ, ಚಡಪಡಿಕೆ, ಹೊಡೆಯಲು ಬರುವುದು ಇವುಗಳನ್ನು ಶಮನ ಮಾಡಬಹುದೇ ಎಂಬುದೇ ಅವುಗಳ ಪ್ರಶ್ನೆ. ಯರಗೇರಾದ ಆ ಮಗನನ್ನು ರಾತ್ರಿ ನಿದ್ದೆಗೆಡಿಸುವುದೂ ಇದೇ ತೊಂದರೆ ತಾನೇ?

2015ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್ ದೇಶದ ಪ್ರಯೋಗದಲ್ಲಿ 50 ರೋಗಿಗಳಿದ್ದರು. ಕೆಲವರಿಗೆ 1.5 ಮಿಲಿಗ್ರಾಂ ಟಿಎಚ್‌ಸಿ ಇರುವ ಗುಳಿಗೆಯನ್ನು ದಿನಕ್ಕೆ ಮೂರು ಸಲ, ಉಳಿದವರಿಗೆ ಮದ್ದಿಲ್ಲದ ಹುಸಿ ಗುಳಿಗೆಯನ್ನು ಮೂರು ವಾರ ಕೊಡಲಾಯಿತು. ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಕೆನಡಾದ ಟೊರಾಂಟೊದಲ್ಲಿ ಟಿಎಚ್‌ಸಿಯನ್ನು ಹೋಲುವ ನಬಿಲೋನ್ ಎಂಬ ಕೃತಕ ಔಷಧವನ್ನು 39 ರೋಗಿಗಳಲ್ಲಿ ಪರೀಕ್ಷಿಸಿದಾಗ ರೇಗಾಟ ಕಡಿಮೆಯಾಯಿತು. ಆದರೆ ನಬಿಲೋನ್ ಪಡೆದಾಗ 17 ಮಂದಿಗೆ ಮಂಪರು ಕವಿಯಿತು, ಹುಸಿ ಗುಳಿಗೆಯಲ್ಲಿ ಇದು ಕಂಡದ್ದು 6 ಮಂದಿಗೆ ಮಾತ್ರ. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮತ್ತು ಟಫ್ಟ್ಸ್ ವಿಶ್ವವಿದ್ಯಾಲಯಗಳ ವೈದ್ಯರು 75 ಅಲ್ಜೈಮರ್ ರೋಗಿಗಳ ಪ್ರಯೋಗದ ಫಲಿತಾಂಶ ತಿಳಿಸಿದರು. ಡ್ರೊನಾಬಿನಾಲ್ ಎಂಬ ಕೃತಕ ಟಿಎಚ್‌ಸಿಯನ್ನು 5 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಮೂರು ವಾರ ಕೊಟ್ಟಾಗ ರೇಗಾಟ ಸರಾಸರಿ ಶೇಕಡಾ 30ರಷ್ಟು ಇಳಿಯಿತು.

ಇದು ಭರವಸೆಯ ಸುದ್ದಿಯೇ ಸರಿ. ಏಕೆಂದರೆ ರೇಗಾಟಕ್ಕೆ ಈಗ ಕೊಡುವ ಮಾನಸಿಕ ರೋಗದ ಕೆಲವು ಔಷಧಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು 2005ರಲ್ಲೇ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತ್ತು. ಇನ್ನೂ ಸುರಕ್ಷಿತವಾದ ಔಷಧದ ಅಗತ್ಯ ನಿಜವಾಗಿಯೂ ಇದೆ. ಆದರೂ ಮೂರು ವಾರಗಳ, ಕೆಲವೇ ಹತ್ತು ಜನರ ಪ್ರಯೋಗದಿಂದ ಕೊನೆಯ ಮಾತು ಹೇಳಲಾಗದು. ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2021ರಲ್ಲಿ ನಾಲ್ಕು ಪ್ರಯೋಗಗಳ 126 ರೋಗಿಗಳ ಮಾಹಿತಿ ಪರಿಶೀಲಿಸಿ, ಪ್ರಯೋಜನ ಇದೆಯೆಂದೋ ಇಲ್ಲವೆಂದೋ ಖಚಿತವಾಗಿ ಹೇಳಲು ಆಧಾರ ಸಾಲದು ಎಂದಿತು. ಕಳೆದುಹೋದ ನೆನಪು ಮರಳುತ್ತದೆ ಎಂದು ಇವುಗಳಲ್ಲಿ ಯಾವ ಪ್ರಯೋಗವೂ ತೋರಿಸಿಲ್ಲ.

ಗುಳಿಗೆ ಬೇರೆ, ಚಿಲುಮೆ ಬೇರೆ

ಪ್ರಯೋಗಗಳಲ್ಲಿ ಕೊಟ್ಟದ್ದು ಅಳೆದು ತೂಗಿದ ಶುದ್ಧ ಔಷಧ. ನೆದರ್‌ಲ್ಯಾಂಡ್ಸ್ ಪ್ರಯೋಗದಲ್ಲಿ ದಿನವಿಡೀ ಕೊಟ್ಟದ್ದು ಒಟ್ಟು 4.5 ಮಿಲಿಗ್ರಾಂ. ಇನ್ನು ನೂರರಲ್ಲಿ ಹತ್ತು ಪಾಲು ಟಿಎಚ್‌ಸಿ ಇರುವ ಗಾಂಜಾ ಎಂದಿಟ್ಟುಕೊಳ್ಳಿ. ಅದರ ಒಂದೇ ಗ್ರಾಂನಲ್ಲಿ 100 ಮಿಲಿಗ್ರಾಂ ಟಿಎಚ್‌ಸಿ ಇರುತ್ತದೆ. ಗಿಡದಿಂದ ಗಿಡಕ್ಕೆ ಈ ಪ್ರಮಾಣ ಬದಲಾಗುತ್ತದೆ. ಮನೆಯಲ್ಲಿ ಕಾಯಿಸಿದ ಎಣ್ಣೆಯಲ್ಲಿ ಎಷ್ಟಿದೆ ಎಂದು ನೋಡಿ ಹೇಳಲು ಯಾರಿಂದಲೂ ಆಗದು.

ಪ್ರಮಾಣ ಮೀರಿದರೆ ಹಿರಿಯರಲ್ಲಿ ಎದೆಬಡಿತ ಏರುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆ ತಿರುಗುತ್ತದೆ, ಬಿದ್ದು ಸೊಂಟದ ಮೂಳೆ ಮುರಿಯಬಹುದು. ಇಲ್ಲದ್ದು ಕಾಣಿಸುವುದು, ಭಯ, ಗೊಂದಲ ಹೆಚ್ಚಾಗಬಹುದು. ನಿದ್ದೆ ಮಾತ್ರೆಯೊಡನೆ ಸೇರಿದರೆ ಮಂಪರು ಇಮ್ಮಡಿಯಾಗುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಿಬಿಡಿಯಿಂದ ರಕ್ತಸ್ರಾವದ ಅಪಾಯವಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 45 ವರ್ಷ ದಾಟಿದವರ ಕುರಿತ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಬೇರೆ ಕಾರಣಗಳಿಗೆ ಆಸ್ಪತ್ರೆಗೆ ಬಂದವರಿಗಿಂತ, ಗಾಂಜಾ ಸೇವನೆಯಿಂದಲೇ ಆಸ್ಪತ್ರೆ ಸೇರುವಂತಾದವರಲ್ಲಿ ಮುಂದಿನ ಐದು ವರ್ಷಗಳಲ್ಲಿ ಡಿಮೆನ್ಷಿಯಾ ಪತ್ತೆಯಾಗುವ ಸಂಭವ ಶೇಕಡಾ 23ರಷ್ಟು ಹೆಚ್ಚಿತ್ತು. ಗಾಂಜಾವೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಇದು ಮಿದುಳಿಗೆ ಅಮೃತ ಎನ್ನುವವರು ಈ ಅಂಕಿಯನ್ನೂ ಓದಬೇಕು.

ಕಾನೂನು ಏನು ಹೇಳುತ್ತದೆ?

1985ರ ಮಾದಕ ದ್ರವ್ಯ ನಿಯಂತ್ರಣ ಕಾಯ್ದೆಯ ಪ್ರಕಾರ ಗಿಡದ ಹೂ ಬಿಟ್ಟ ತುದಿ (ಗಾಂಜಾ) ಮತ್ತು ಅದರ ಅಂಟು (ಚರಸ್) ನಿಷಿದ್ಧ. ಹೂತುದಿ ಸೇರದ ಎಲೆ ಮತ್ತು ಬೀಜ ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಎಲೆಯಿಂದ ತಯಾರಾಗುವ ಭಂಗಿಗೆ ಈ ಕಾಯ್ದೆ ಅನ್ವಯಿಸದು ಎಂದು ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂಬ ಹೆಸರಿದ್ದು, ಎಲೆಯಿಂದ ಮಾಡಿದ ಪರವಾನಗಿ ಪಡೆದ ಔಷಧಗಳನ್ನು ನೋಂದಾಯಿತ ವೈದ್ಯರು ಬರೆದುಕೊಡುತ್ತಾರೆ. ಬೆಂಗಳೂರಿನ ಕೋರಮಂಗಲದಲ್ಲಿ 2020ರಲ್ಲಿ ಇಂತಹ ಔಷಧಗಳ ಚಿಕಿತ್ಸಾಲಯವೊಂದು ಆರಂಭವಾಗಿತ್ತು. ಆದರೆ ನೋವು, ನಿದ್ರಾಹೀನತೆಗೆ ಇವುಗಳನ್ನು ಕೊಡುವುದು ಬೇರೆ, ಡಿಮೆನ್ಷಿಯಾ ಗುಣವಾಗುತ್ತದೆ ಎನ್ನುವುದು ಬೇರೆ.

ತಾಯಿಯ ಮದ್ದಿಗೆಂದು ಹತ್ತಿ ಸಾಲಿನ ನಡುವೆ ನಾಲ್ಕು ಗಿಡ ಬೆಳೆಸಿದರೂ ಅದು ಅಪರಾಧವೇ. ಇದಕ್ಕೆ ಹತ್ತು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಗನೇ ಜೈಲು ಸೇರಿದರೆ ತಾಯಿಯನ್ನು ನೋಡಿಕೊಳ್ಳುವವರು ಯಾರು?

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಮರೆವೆಲ್ಲ ಅಲ್ಜೈಮರ್ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ತಲೆಗೆ ಪೆಟ್ಟಾಗಿ ಒಳಗೆ ರಕ್ತ ಸೇರಿಕೊಳ್ಳುವುದು ಇವುಗಳಿಂದಲೂ ಮರೆವು ಬರುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಎಣ್ಣೆ ಹುಡುಕುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ರಾಯಚೂರಿನವರಿಗೆ ರಿಮ್ಸ್ ಆಸ್ಪತ್ರೆ, ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಡೊನೆಪೆಜಿಲ್, ಮೆಮಾಂಟಿನ್ ಎಂಬ ಔಷಧಗಳು ಕಾಯಿಲೆಯನ್ನು ನಿಲ್ಲಿಸದಿದ್ದರೂ ಕೆಲವರಿಗೆ ಸ್ವಲ್ಪ ಕಾಲ ನೆರವಾಗುತ್ತವೆ.

ಎರಡನೆಯದಾಗಿ, ರೇಗಾಟಕ್ಕೆ ಕಾರಣ ಹುಡುಕಬೇಕು. ಮಾತಿನಲ್ಲಿ ಹೇಳಲಾಗದ ಹಿರಿಯರು ನೋವನ್ನು ಕೂಗಿ ಹೇಳುತ್ತಾರೆ. ಮಲಬದ್ಧತೆ, ಹಲ್ಲುನೋವು, ಮೂತ್ರದ ಸೋಂಕು, ರಾಯಚೂರಿನ ಬಿಸಿಲಿನಲ್ಲಿ ನೀರು ಸಾಲದಿರುವುದು ಇವೆಲ್ಲ ಒಂದೇ ರಾತ್ರಿಯಲ್ಲಿ ಗೊಂದಲವನ್ನು ಹೆಚ್ಚಿಸಬಲ್ಲವು. ದಿನವೂ ಅದೇ ಹೊತ್ತಿಗೆ ಊಟ, ಸ್ನಾನ, ಸಂಜೆ ಕತ್ತಲಾಗುವ ಮೊದಲೇ ದೀಪ, ಹಗಲು ಸ್ವಲ್ಪ ನಡಿಗೆ, ಪರಿಚಯದ ಹಾಡು ಇವುಗಳಿಂದ ಅನೇಕರು ಶಾಂತರಾಗುತ್ತಾರೆ. "ಆಗಲೇ ಹೇಳಿದೆನಲ್ಲ" ಎಂದು ವಾದಿಸದೆ ಮಾತನ್ನು ಬೇರೆ ಕಡೆಗೆ ತಿರುಗಿಸುವುದು ಒಳ್ಳೆಯದು.

ಮೂರನೆಯದಾಗಿ, ನೋಡಿಕೊಳ್ಳುವವರ ಬಗ್ಗೆ ಯೋಚಿಸಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416. ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಸೇವಾಕರ್ತರಿಗೆ ಒಂದು ಮಾತು

ಚಿಕಿತ್ಸೆಗಾಗಿ ಮಾದಕ ವಸ್ತುವನ್ನು ಬಳಸುವುದನ್ನು ಧರ್ಮಸಭೆಯ ಬೋಧನೆ ಅಲ್ಲಗಳೆಯುವುದಿಲ್ಲ. ಅದು ತಪ್ಪೆನ್ನುವುದು ಚಿಕಿತ್ಸೆಯ ಹೊರಗಿನ ಬಳಕೆಯನ್ನು. ಆದುದರಿಂದ ನಾಳೆ ದೊಡ್ಡ ಪ್ರಯೋಗಗಳಲ್ಲಿ ಒಳಿತೆಂದು ತಿಳಿದು, ವೈದ್ಯರು ಅಳತೆಯಂತೆ ಬರೆದುಕೊಟ್ಟರೆ ಅದನ್ನು ಪಡೆಯಲು ಯಾರೂ ನಾಚಬೇಕಾಗಿಲ್ಲ. ಇಂದು ಮಾತ್ರ ಆ ಹಂತ ತಲುಪಿಲ್ಲ. ಮನೆಭೇಟಿಗೆ ಹೋದಾಗ ಇಂತಹ ಪ್ರಶ್ನೆ ಬಂದರೆ ನಗಬೇಡಿ, ಗದರಬೇಡಿ. ಆ ಪ್ರಶ್ನೆಯ ಹಿಂದೆ ಎಷ್ಟೋ ರಾತ್ರಿಗಳ ನಿದ್ದೆಗೇಡು ಇರುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ರೋಗಿಗೆ ಪರಮಪ್ರಸಾದ ಕೊಟ್ಟು ಹಿಂದಿರುಗುವ ಮೊದಲು ಒಂದು ಗಂಟೆ ಅಲ್ಲೇ ಕುಳಿತು, ಆ ಸೊಸೆ ಸ್ವಲ್ಪ ಮಲಗುವಂತೆ ಮಾಡಿ. ನಾವೆಲ್ಲರೂ ಇಂದೇ ಕೊಡಬಹುದಾದ ಮದ್ದು ಇದು.