ಕಳೆನಾಶಕವೂ ಮಣ್ಣಿನ ಹುಳುಗಳೂ

ಪ್ರಶ್ನೆ: ಕಳೆಗೆ ಹೊಡೆಯುವ ಔಷಧಿಯಿಂದ ಮಣ್ಣಿನೊಳಗಿನ ಸಣ್ಣ ಹುಳುಗಳಿಗೂ ಕೇಡುಂಟೆ?

ಉತ್ತರ: ಉಂಟು, ಆದರೆ ಆ ಕೇಡು ಬಹುಮಟ್ಟಿಗೆ ಪರೋಕ್ಷವಾದುದು. 1974ರಲ್ಲಿ ಮಾರುಕಟ್ಟೆಗೆ ಬಂದ ಗ್ಲೈಫೋಸೇಟು ಎಂಬ ಕಳೆನಾಶಕವು, ಸಸ್ಯಗಳು ಕೆಲವು ಅತ್ಯಾವಶ್ಯಕ ಅಮೈನೊ ಆಮ್ಲಗಳನ್ನು ನಿರ್ಮಿಸಿಕೊಳ್ಳಲು ಬೇಕಾದ ಕಿಣ್ವವೊಂದನ್ನು ಸ್ತಂಭನಗೊಳಿಸುತ್ತದೆ. ಆ ಕಿಣ್ವವು ಪ್ರಾಣಿಗಳಲ್ಲಿ ಇಲ್ಲವಾದುದರಿಂದ ಹುಳುಗಳಿಗೆ ಭಯವಿಲ್ಲವೆಂಬುದು ಅರ್ಧಸತ್ಯ. (ಅರ್ಧಸತ್ಯಕ್ಕೆ ಗಿರಾಕಿಗಳು ಯಾವಾಗಲೂ ಹೆಚ್ಚು.) ಅದೇ ಕಿಣ್ವವು ಮಣ್ಣಿನ ಅನೇಕ ಬ್ಯಾಕ್ಟೀರಿಯಾಗಳಲ್ಲಿಯೂ ಶಿಲೀಂಧ್ರಗಳಲ್ಲಿಯೂ ಇದ್ದು, ಇವನ್ನೇ ಅವಲಂಬಿಸಿ ಬದುಕುವ ಜೀವಿಗಳು ಅಸಂಖ್ಯವಾಗಿವೆ, ಮೇಲಾಗಿ, ಔಷಧಿ ಎಲೆಗೆ ಅಂಟಲೆಂದು ಬೆರೆಸುವ ಸಾಬೂನಿನಂತಹ ದ್ರವ್ಯಗಳು ಕೆಲವೊಮ್ಮೆ ಮೂಲವಿಷಕ್ಕಿಂತಲೂ ತೀಕ್ಷ್ಣವಾಗಿರುತ್ತವೆ.

ವಿಯೆನ್ನಾದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಹಸಿರುಮನೆಯ ಪ್ರಯೋಗವೊಂದರಲ್ಲಿ, ಲಂಬವಾಗಿ ಬಿಲ ಕೊರೆಯುವ ಎರೆಹುಳುಗಳು ಸಿಂಪಡಣೆಯಾದ ಸುಮಾರು ಮೂರು ವಾರಗಳಲ್ಲಿ ನೆಲದ ಮೇಲೆ ಹಿಕ್ಕೆ ಹಾಕುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದುವು. ಮಣ್ಣಿನೊಳಗೇ ವಾಸಿಸುವ ಇನ್ನೊಂದು ಜಾತಿಯ ಸಂತಾನೋತ್ಪತ್ತಿಯು ಮೂರು ತಿಂಗಳೊಳಗೆ ಶೇಕಡ 56ರಷ್ಟು ಕುಗ್ಗಿತು. ಸತ್ತ ಹುಳುಗಳನ್ನು ಮಾತ್ರ ಎಣಿಸುವ ಪರೀಕ್ಷೆಗೆ ಇಂತಹ ಹಾನಿ ಗೋಚರಿಸದು.

ಇನ್ನು, ಉದರದಡಿಯಲ್ಲಿ ಮಡಿಸಿಟ್ಟ ಕವಲುಬಾಲವನ್ನು ಫಕ್ಕನೆ ಬಿಚ್ಚಿ ಚಿಮ್ಮುವ, ಎಳ್ಳಿಗಿಂತಲೂ ಕಿರಿದಾದ ಸ್ಪ್ರಿಂಗ್‌ಟೇಲುಗಳ ಮಾತು: ಒಣಗಿದ ಕಳೆಯ ಮೇಲೆ ಬೂಷ್ಟು ಹಿಡಿಯುವಷ್ಟು ಕಾಲ ಅವಕ್ಕೆ ಸುಭಿಕ್ಷವೇ, ಆ ಬಳಿಕ ನೆರಳೂ ತೇವವೂ ಇಲ್ಲದ ಬೆತ್ತಲೆ ನೆಲದಲ್ಲಿ ಅವು ಬಾಳಲಾರವು.