ಪರದೇಶದ ಬೆಳಕು, ವಿದ್ಯಾರ್ಥಿಯ ಕ್ಯಾಮೆರಾ

ಉನ್ನತ ವ್ಯಾಸಂಗಕ್ಕೆಂದು ವಿದೇಶಕ್ಕೆ ಹೊರಡುವ ನಮ್ಮ ಹುಡುಗ ಹುಡುಗಿಯರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಒಂದು ಪುಟ್ಟ ಕುಕ್ಕರ್ ಇರುವುದು ವಾಡಿಕೆ. ಅವುಗಳ ಜೊತೆಗೆ ಕ್ಯಾಮೆರಾವೂ ಇರುತ್ತದೆ. ಬೇರೆ ಇಲ್ಲದಿದ್ದರೆ ಜೇಬಿನ ಮೊಬೈಲಿನಲ್ಲಾದರೂ ಇದ್ದೇ ಇರುತ್ತದೆ. ಹೋದ ಮೊದಲ ತಿಂಗಳಲ್ಲಿ ಮನೆಗೆ ಚಿತ್ರಗಳ ಸುರಿಮಳೆ. ಕೋಟೆ, ಸೇತುವೆ, ಹಿಮ, ಹಿಮದ ಮುಂದೆ ನಿಂತ ನಮ್ಮ ಹುಡುಗ. ಮೂರನೆಯ ತಿಂಗಳಿಗೆ ಮಳೆ ನಿಲ್ಲುತ್ತದೆ. ಕೇಳಿದರೆ ‘ತೆಗೆಯುವುದೆಲ್ಲ ತೆಗೆದಾಯ್ತು’ ಎಂಬ ಉತ್ತರ ಬರುತ್ತದೆ. ಆದರೆ ಪ್ರವಾಸಿ ಛಾಯಾಗ್ರಹಣದ ನಿಜವಾದ ಪಾಠ ಶುರುವಾಗುವುದೇ ಆ ಮೂರನೆಯ ತಿಂಗಳಿನಿಂದ.

ಪ್ರವಾಸಿಗನಿಗೆ ಒಂದು ಊರಿನಲ್ಲಿ ಸಿಗುವುದು ಎರಡು ಮೂರು ದಿನ. ಅಷ್ಟೂ ದಿನ ಮಳೆ ಬಂದರೆ ಮಳೆಯಲ್ಲೇ ಚಿತ್ರ ತೆಗೆದುಕೊಂಡು ಮುಂದಿನ ಊರಿಗೆ ಹೋಗಬೇಕು. ಆ ಊರಿನಲ್ಲೇ ಹುಟ್ಟಿ ಬೆಳೆದವನಿಗೆ ಎಲ್ಲವೂ ಕಂಡು ಕಂಡು ಹಳತಾಗಿರುತ್ತದೆ. ಅವನ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಇವರಿಬ್ಬರ ನಡುವೆ ಇರುವವನು ವಿದ್ಯಾರ್ಥಿ. ಅವನಿಗೆ ಊರು ಹೊಸದು, ಕೈಯಲ್ಲಿ ಒಂದೆರಡು ವರ್ಷದ ಕಾಲವೂ ಇದೆ.

ಮುಂಬಯಿ, ಪುಣೆಗಳಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಈ ನಡುವಣ ಸ್ಥಿತಿ ಹೊಸದೇನೂ ಅಲ್ಲ. ಮನೆಯೊಳಗೆ ಕನ್ನಡವೋ ತುಳುವೋ, ಕಟ್ಟಡದ ಮೆಟ್ಟಿಲಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ರಜೆಗೆ ಊರಿಗೆ ಹೋದರೆ ‘ಬೊಂಬಾಯಿಯವರು ಬಂದರು’ ಎನ್ನುತ್ತಾರೆ. ಬೊಂಬಾಯಿಗೆ ಮರಳಿದರೆ ‘ನಿಮ್ಮ ಊರು ಯಾವುದು?’ ಎಂದು ಕೇಳುತ್ತಾರೆ. ಒಳಗಿದ್ದೂ ಸ್ವಲ್ಪ ಹೊರಗೆ ನಿಂತು ನೋಡುವ ಅಭ್ಯಾಸ ನಿಮಗೆ ಹುಟ್ಟಿನಿಂದ ಬಂದದ್ದು. ಛಾಯಾಗ್ರಾಹಕನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇಡ.

ಮಾತು ಬರಿಯ ಉಪದೇಶವಾಗದಿರಲೆಂದು ಒಂದೇ ಊರನ್ನು ಆರಿಸಿಕೊಳ್ಳೋಣ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ಭಾರತೀಯ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿದ್ಯಾಕೇಂದ್ರ. ಛಾಯಾಗ್ರಹಣದ ಚರಿತ್ರೆಯಲ್ಲಿಯೂ ಅದರ ಹೆಸರು ದೊಡ್ಡದು.

ಗುಡ್ಡದ ಮೇಲಿನ ಇಬ್ಬರು

ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಕಾಗದದ ನೆಗೆಟಿವ್‌ನಿಂದ ಚಿತ್ರ ಮಾಡುವ ‘ಕ್ಯಾಲೊಟೈಪ್’ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದ. ಆ ಪೇಟೆಂಟ್ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಅಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಪ್ರಯೋಗ ಮಾಡಬಹುದಿತ್ತು. 1843ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಚರ್ಚು ಇಬ್ಭಾಗವಾಗಿ, ನೂರಾರು ಪಾದ್ರಿಗಳು ಅದನ್ನು ತೊರೆದು ಹೊರನಡೆದರು. ಆ ಘಟನೆಯನ್ನು ದೊಡ್ಡ ವರ್ಣಚಿತ್ರವಾಗಿ ಬರೆಯಬೇಕೆಂದು ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಕಲಾವಿದ ಸಂಕಲ್ಪ ಮಾಡಿದ. ಅಷ್ಟು ಜನರ ಮುಖಗಳನ್ನು ನೆನಪಿನಿಂದ ಬರೆಯುವುದು ಹೇಗೆ? ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಛಾಯಾಚಿತ್ರದ ಸಹಾಯ ಪಡೆಯಲು ಸೂಚಿಸಿ, ರಾಬರ್ಟ್ ಆ್ಯಡಂಸನ್ ಎಂಬ 22ರ ತರುಣನನ್ನು ಪರಿಚಯಿಸಿದ. ನಗರದ ನಡುವಿನ ಕಾಲ್ಟನ್ ಗುಡ್ಡದ ಮೇಲೆ ‘ರಾಕ್ ಹೌಸ್’ ಎಂಬ ಮನೆಯಲ್ಲಿ ಇವರ ಸ್ಟುಡಿಯೋ ನಡೆಯಿತು.

ವರ್ಣಚಿತ್ರ ಮುಗಿದದ್ದು 1866ರಲ್ಲಿ. ಆದರೆ ಲೋಕ ಈಗ ನೆನೆಯುವುದು ಅದನ್ನಲ್ಲ. ನಾಲ್ಕೂವರೆ ವರ್ಷಗಳಲ್ಲಿ ಇಬ್ಬರೂ ಸೇರಿ ತೆಗೆದ ಸುಮಾರು 3,000 ಛಾಯಾಚಿತ್ರಗಳನ್ನು. ಅವುಗಳಲ್ಲೂ ಶ್ರೇಷ್ಠವಾದವು ನ್ಯೂಹೇವನ್ ಎಂಬ ಮೀನುಗಾರರ ಹಳ್ಳಿಯವು. ಗುಡ್ಡದಿಂದ ಆ ಹಳ್ಳಿ ಸುಮಾರು ಮೂರು ಕಿಲೋಮೀಟರ್. ಅಲ್ಲಿನ ಹೆಂಗಸರು ಮೀನಿನ ಬುಟ್ಟಿಯನ್ನು ಬೆನ್ನಿಗೆ ಹೊತ್ತು, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು, ಏರು ದಾರಿಯಲ್ಲಿ ನಗರಕ್ಕೆ ನಡೆದು ಬಂದು ಮಾರುತ್ತಿದ್ದರು. ಮಲ್ಪೆಯ ಕಡಲತಡಿಯನ್ನೋ ಸಸೂನ್ ಡಾಕಿನ ಮುಂಜಾವವನ್ನೋ ಕಂಡವರಿಗೆ ಈ ಹೆಂಗಸರು ಅಪರಿಚಿತರೆನಿಸಲಾರರು.

ಒಂದು ಚಿತ್ರಕ್ಕೆ ಹಲವು ಸೆಕೆಂಡುಗಳಿಂದ ನಿಮಿಷದವರೆಗೂ ಅಲ್ಲಾಡದೆ ನಿಲ್ಲಬೇಕಾಗಿದ್ದ ಕಾಲವದು. ಕದ್ದು ಚಿತ್ರ ತೆಗೆಯುವ ಮಾತೇ ಇರಲಿಲ್ಲ. ನಿಲ್ಲುವವರು ಮನಸ್ಸಿಟ್ಟು ನಿಂತರೆ ಮಾತ್ರ ಚಿತ್ರ. 1931ರಲ್ಲಿ ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ ಛಾಯಾಗ್ರಹಣದ ಚರಿತ್ರೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ಮೀನು ಮಾರುವ ಹೆಣ್ಣೊಬ್ಬಳ ಚಿತ್ರದ ಪ್ರಸ್ತಾಪವಿದೆ. ನೆಲ ನೋಡುತ್ತ ನಿಂತ ಆಕೆಯನ್ನು ಕಂಡಾಗ, ತೆಗೆದವನ ಕೌಶಲವನ್ನು ಮೀರಿ ಈಕೆ ಯಾರು, ಈಕೆಯ ಹೆಸರೇನು ಎಂಬ ಪ್ರಶ್ನೆ ನೋಡುಗನನ್ನು ಬಿಡದೆ ಕಾಡುತ್ತದೆ ಎಂಬುದು ಆತನ ಮಾತಿನ ಸಾರ. ಆ್ಯಡಂಸನ್ 1848ರಲ್ಲಿ, 26ರ ವಯಸ್ಸಿನಲ್ಲೇ ತೀರಿಕೊಂಡ. ನಿಮ್ಮ ವಾರಿಗೆಯ ಹುಡುಗನೊಬ್ಬ ಮಾಡಿಹೋದ ಕೆಲಸವಿದು ಎಂಬುದನ್ನು ನೆನಪಿಡಿ.

ಬೆಳಕಿನ ಪಂಚಾಂಗ

ಹೊಸ ದೇಶದಲ್ಲಿ ಮೊದಲು ಕಲಿಯಬೇಕಾದದ್ದು ಅಲ್ಲಿನ ಬೆಳಕನ್ನು. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎಡಿನ್‌ಬರೋ 56ರಲ್ಲಿ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಸೂರ್ಯ ಏಳುವುದು ಬೆಳಿಗ್ಗೆ ಎಂಟೂ ಮುಕ್ಕಾಲರ ಸುಮಾರಿಗೆ, ಮುಳುಗುವುದು ಮಧ್ಯಾಹ್ನ ಮೂರೂ ಮುಕ್ಕಾಲಿನ ಒಳಗೆ. ಹಗಲು ಬರಿಯ ಏಳು ಗಂಟೆ. ಜೂನ್ ತಿಂಗಳಲ್ಲಿ ಅದೇ ಹಗಲು ಹದಿನೇಳೂವರೆ ಗಂಟೆಗೆ ಬೆಳೆಯುತ್ತದೆ. ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ.

ಅಕ್ಷಾಂಶದ ಇನ್ನೊಂದು ಪರಿಣಾಮ ಮುಖ್ಯವಾದದ್ದು. ಡಿಸೆಂಬರಿನ ನಡುಹಗಲಿನಲ್ಲಿ ಮುಂಬಯಿಯ ಸೂರ್ಯ ದಿಗಂತದಿಂದ ಸುಮಾರು 47 ಡಿಗ್ರಿ ಮೇಲಿರುತ್ತಾನೆ. ಎಡಿನ್‌ಬರೋದಲ್ಲಿ ಕೇವಲ 10–11 ಡಿಗ್ರಿ. ನಮ್ಮಲ್ಲಿ ಬೆಳಗಿನ ಏಳೂವರೆ ಎಂಟಕ್ಕೆ ಸಿಗುವ ಓರೆ ಬೆಳಕು, ಉದ್ದನೆಯ ನೆರಳು ಅಲ್ಲಿ ಮೋಡವಿಲ್ಲದ ದಿನವಿಡೀ ಸಿಗುತ್ತದೆ. ‘ಮಧ್ಯಾಹ್ನ ಚಿತ್ರ ತೆಗೆಯಬೇಡಿ’ ಎಂಬ ನಮ್ಮ ಪುಸ್ತಕದ ಪಾಠ ಅಲ್ಲಿ ಸುಳ್ಳಾಗುತ್ತದೆ. ಚಳಿಗಾಲದಲ್ಲಿ ತರಗತಿ ಮುಗಿಸಿ ಹೊರಬರುವಷ್ಟರಲ್ಲಿ ಕತ್ತಲು. ಅದಕ್ಕೂ ಬೇಸರಪಡಬೇಕಿಲ್ಲ. ಮಳೆಯಲ್ಲಿ ನೆನೆದ ಹಳೆ ಪೇಟೆಯ ಕಲ್ಲುಹಾಸಿನ ಮೇಲೆ ಅಂಗಡಿಯ ದೀಪ ಬಿದ್ದು ಹೊಳೆಯುವುದು ಆಗಲೇ. ವಸಂತ, ಬೇಸಿಗೆಗಳಲ್ಲಿ ಪೂರ್ವದ ಸಮುದ್ರದಿಂದ ‘ಹಾರ್’ ಎಂಬ ಮಂಜು ಒಳನುಗ್ಗಿ, ನೋಡನೋಡುತ್ತಿದ್ದಂತೆ ಕೋಟೆಯನ್ನೇ ನುಂಗಿಬಿಡುತ್ತದೆ.

ಒಂದೆರಡು ಕೈಚಳಕಗಳು ಗೊತ್ತಿರಲಿ. ಹಿಮವನ್ನು ಕಂಡ ಕ್ಯಾಮೆರಾ ‘ಬೆಳಕು ಹೆಚ್ಚಾಯಿತು’ ಎಂದು ತಿಳಿದು ಚಿತ್ರವನ್ನು ಕಂದಾಗಿಸುತ್ತದೆ. ಎಕ್ಸ್‌ಪೋಷರ್ ಒಂದು ಹಂತ ಹೆಚ್ಚಿಸಿದರೆ ಬಿಳಿ ಬಿಳಿಯಾಗಿ ಬರುತ್ತದೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಹೊರಗಿನಿಂದ ಬೆಚ್ಚನೆಯ ಕೋಣೆಗೆ ಬಂದ ಕೂಡಲೇ ಕ್ಯಾಮೆರಾವನ್ನು ಚೀಲದಿಂದ ತೆಗೆಯಬೇಡಿ. ಲೆನ್ಸಿನ ಮೇಲೆ ಹನಿ ಕೂರುತ್ತದೆ.

ಒಂದೇ ಜಾಗ, ಹನ್ನೆರಡು ಸಲ

ದುಬಾರಿ ಕ್ಯಾಮೆರಾ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಮೊಬೈಲಾಗಲಿ, ಅಲ್ಲೇ ಕೊಂಡ ಸೆಕೆಂಡ್ ಹ್ಯಾಂಡ್ ಕ್ಯಾಮೆರಾಕ್ಕೆ ಒಂದೇ ಲೆನ್ಸಾಗಲಿ ಕಲಿಕೆಗೆ ಸಾಕು. ಹಣಕ್ಕಿಂತ ಇಲ್ಲಿ ಬೇಕಾಗುವುದು ಮರಳಿ ಹೋಗುವ ಕಾಲು.

ಒಂದು ಜಾಗವನ್ನು ಆರಿಸಿಕೊಳ್ಳಿ. ನ್ಯೂಹೇವನ್ನಿನ ಬಂದರು ಇರಬಹುದು, ಪೋರ್ಟೊಬೆಲ್ಲೊ ಕಡಲತೀರ ಇರಬಹುದು, ನೀವು ಹಾಲು ಬ್ರೆಡ್ಡು ಕೊಳ್ಳುವ ಬೀದಿಯೇ ಇರಬಹುದು. ತಿಂಗಳಿಗೊಮ್ಮೆಯಂತೆ ವರ್ಷಕ್ಕೆ ಹನ್ನೆರಡು ಸಲ ಅಲ್ಲಿಗೇ ಹೋಗಿ. ಮೊದಲ ಸಲ ಪೋಸ್ಟ್ ಕಾರ್ಡಿನ ಚಿತ್ರಗಳು ಬರುತ್ತವೆ. ಅವು ಬಂದು ಮುಗಿಯಲಿ. ನಾಲ್ಕನೆಯ ಸಲಕ್ಕೆ ಬೆಳಕು ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ಆರನೆಯ ಸಲಕ್ಕೆ ಬೆಂಚಿನ ಮೇಲಿನ ಮುದುಕರು ತಲೆಯಾಡಿಸುತ್ತಾರೆ. ಎಂಟನೆಯ ಸಲಕ್ಕೆ ಅವರೇ ಮಾತನಾಡಿಸುತ್ತಾರೆ. ಒಂದೊಂದು ಭೇಟಿಯಿಂದ ಒಂದೇ ಚಿತ್ರ ಉಳಿಸಿಕೊಂಡು ಮಿಕ್ಕದ್ದನ್ನು ಬದಿಗಿಡಿ. ಹನ್ನೆರಡು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ನೀವು ಕಲಿತದ್ದೆಷ್ಟು ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ದೊಡ್ಡವರೂ ಹೀಗೆಯೇ ದುಡಿದರು. ಅಮೆರಿಕದ ಪಾಲ್ ಸ್ಟ್ರ್ಯಾಂಡ್ 1954ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ಸೌತ್ ಯೂಇಸ್ಟ್ ದ್ವೀಪಕ್ಕೆ ಹೋದವನು ಮೂರು ತಿಂಗಳು ಅಲ್ಲೇ ಉಳಿದ. ಆ ಒಂದು ಪುಟ್ಟ ದ್ವೀಪದ ಮುಖಗಳು, ಕಲ್ಲುಗಳು, ಮನೆಗಳ ಚಿತ್ರಗಳೇ 1962ರಲ್ಲಿ ಪುಸ್ತಕವಾಗಿ ಬಂದು ಹೆಸರಾದವು.

ತಿರುಗಾಟಕ್ಕೆ ಅನುಕೂಲಗಳೂ ಉಂಟು. ಸ್ಕಾಟ್ಲೆಂಡಿನಲ್ಲಿ ವಾಸಿಸುವ, 22 ತುಂಬದ ತರುಣರಿಗೆ ಬಸ್ ಪ್ರಯಾಣ ಉಚಿತ ಮಾಡುವ ಯೋಜನೆ 2022ರ ಜನವರಿಯಲ್ಲಿ ಬಂತು. 2003ರ ಭೂಸುಧಾರಣಾ ಕಾಯ್ದೆ ಗುಡ್ಡ, ಕಾಡು, ಸರೋವರದ ದಡಗಳಲ್ಲಿ ಜವಾಬ್ದಾರಿಯಿಂದ ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1890ರಲ್ಲಿ ತೆರೆದ ಎರಡೂವರೆ ಕಿಲೋಮೀಟರ್ ಉದ್ದದ ಫೋರ್ತ್ ರೈಲುಸೇತುವೆಗೆ ನಗರದಿಂದ ಅರ್ಧ ದಿನದಲ್ಲಿ ಹೋಗಿಬರಬಹುದು.

ಮೊದಲು ಮಾತು, ಆಮೇಲೆ ಚಿತ್ರ

ಬ್ರಿಟನ್ನಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯಲು ಸಾಮಾನ್ಯವಾಗಿ ಅನುಮತಿ ಬೇಕಿಲ್ಲ. ಅಂಗಡಿ, ವಸ್ತುಸಂಗ್ರಹಾಲಯ, ಕಾಲೇಜಿನ ಆವರಣಗಳಿಗೆ ಅವರವರ ನಿಯಮ. ಆದರೆ ಕಾನೂನು ತಡೆಯದ ಮಾತ್ರಕ್ಕೆ ಎಲ್ಲವೂ ಸಭ್ಯವಾಗಿಬಿಡುವುದಿಲ್ಲ. ಬೀದಿಯಲ್ಲಿ ಮಲಗಿದ ನಿರ್ಗತಿಕನ ಮುಖ ನಿಮ್ಮ ಅಭ್ಯಾಸದ ಪಾಟಿಯಲ್ಲ. ಮಕ್ಕಳ ಚಿತ್ರವೆಂದರೆ ತಂದೆತಾಯಿಯರನ್ನು ಕೇಳಲೇಬೇಕು. ನಮ್ಮ ಊರಿನ ದೇವಸ್ಥಾನದಲ್ಲಿ, ನಮ್ಮ ಬಡ ನೆಂಟರ ಮನೆಯಲ್ಲಿ ಪರದೇಶದವನೊಬ್ಬ ಕೇಳದೆ ಕ್ಯಾಮೆರಾ ಎತ್ತಿದರೆ ನಮಗೆ ಹೇಗೆನ್ನಿಸುತ್ತದೆ? ಅಲ್ಲಿ ಆ ಪರದೇಶದವರು ನಾವೇ.

ಮಾತನಾಡಿಸಿ, ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಮುಂದಿನ ಸಲ ಹೋಗುವಾಗ ಒಂದು ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಡಿ. ಪರದೇಶದ ಮೊದಲ ಚಳಿಗಾಲದಲ್ಲಿ, ನಾಲ್ಕಕ್ಕೇ ಕತ್ತಲಾಗುವ ದಿನಗಳಲ್ಲಿ, ಒಂಟಿತನ ಬಹಳ ಮಂದಿಯನ್ನು ಕುಗ್ಗಿಸುತ್ತದೆ. ಕೋಣೆಯಿಂದ ಹೊರಗೆಳೆಯಲು, ಅಪರಿಚಿತರೊಡನೆ ಮಾತಿಗೆ ನೆಪ ಕೊಡಲು ಕ್ಯಾಮೆರಾಕ್ಕಿಂತ ಒಳ್ಳೆಯ ಸ್ನೇಹಿತನಿಲ್ಲ.

ಒಂದು ಎಚ್ಚರಿಕೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿಲ್ಲ. ಮದುವೆ, ಸಮಾರಂಭಗಳ ಚಿತ್ರ ತೆಗೆದು ಹಣ ಪಡೆದರೆ ಅದು ಸ್ವಂತ ಉದ್ಯೋಗವೆನಿಸಿ ವೀಸಾಕ್ಕೇ ಸಂಚಕಾರ ಬರಬಹುದು. ಓದುವಷ್ಟು ಕಾಲ ಇದು ಹವ್ಯಾಸವಾಗಿಯೇ ಇರಲಿ. ಕಲಿಯುವ ಜಾಗಗಳಿಗೆ ಕೊರತೆಯಿಲ್ಲ. ಎಡಿನ್‌ಬರೋದ ಛಾಯಾಗ್ರಾಹಕರ ಸಂಘ 1861ರಲ್ಲಿ ಹುಟ್ಟಿದ್ದು. 1889ರಲ್ಲಿ ತೆರೆದ, ಕ್ವೀನ್ ಸ್ಟ್ರೀಟಿನ ಭಾವಚಿತ್ರ ಗ್ಯಾಲರಿಯಂತೂ ಭಾವಚಿತ್ರಗಳಿಗಾಗಿಯೇ ಕಟ್ಟಿದ ಜಗತ್ತಿನ ಮೊದಲ ಗ್ಯಾಲರಿ. ಚಳಿಗಾಲದ ಶನಿವಾರವೊಂದನ್ನು ಅಲ್ಲಿ ಕಳೆದರೆ ಒಂದು ಪಾಠವಾದಂತೆ.

ಮರಳಿ ಮನೆಗೆ

ಜಾನ್ ಥಾಮ್ಸನ್ 1837ರಲ್ಲಿ ಎಡಿನ್‌ಬರೋದಲ್ಲೇ ಹುಟ್ಟಿದವನು. ಕನ್ನಡಕ, ದುರ್ಬೀನುಗಳಂಥ ಉಪಕರಣ ಮಾಡುವವರಲ್ಲಿ ಕೆಲಸ ಕಲಿಯುತ್ತ, ಇಂದಿನ ಹೇರಿಯಟ್-ವಾಟ್ ವಿಶ್ವವಿದ್ಯಾಲಯದ ಮೂಲಸಂಸ್ಥೆಯಲ್ಲಿ ಓದಿದ. 1862ರಲ್ಲಿ ಸಿಂಗಪುರಕ್ಕೆ ಹೊರಟು, ಹತ್ತು ವರ್ಷ ಸಯಾಂ, ಕಾಂಬೋಡಿಯಾ, ಚೀನಾಗಳನ್ನು ಸುತ್ತಿದ. 1866ರಲ್ಲಿ ಅಂಕೋರ್ ವಾಟ್ ದೇವಾಲಯದ ಚಿತ್ರಗಳನ್ನು ತೆಗೆದ. ಪ್ರವಾಸಿ ಛಾಯಾಗ್ರಹಣದ ಆದ್ಯರಲ್ಲಿ ಅವನೊಬ್ಬ. ಆದರೆ ಅವನ ಕಥೆಯಲ್ಲಿ ನಮಗೆ ಮುಖ್ಯವಾದದ್ದು ಕೊನೆಯ ಭಾಗ. ಬ್ರಿಟನ್ನಿಗೆ ಮರಳಿದ ಮೇಲೆ ಅವನು ಅದೇ ಕಣ್ಣನ್ನು ಲಂಡನ್ನಿನ ಬೀದಿಗಳತ್ತ ತಿರುಗಿಸಿದ. ಹೂ ಮಾರುವವರು, ಕೂಲಿಗಳು, ಬಡವರ ಆ ಚಿತ್ರಗಳು 1877–78ರಲ್ಲಿ ಪ್ರಕಟವಾದವು. ದೂರದ ದೇಶ ಅವನಿಗೆ ತನ್ನ ನಾಡನ್ನೇ ನೋಡಲು ಕಲಿಸಿತ್ತು.

ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ನಡೆದದ್ದೂ ಇಂಥದೇ ದಾರಿಯಲ್ಲಿ. ದೇಶವಿಡೀ ತಿರುಗಿದ, 1977ರಲ್ಲಿ ಪದ್ಮಶ್ರೀ ಪಡೆದ ಅವರ ಕ್ಯಾಮೆರಾ ಹುಡುಕಿದ್ದು ಸಾಮಾನ್ಯ ಜನರನ್ನು, ಮಕ್ಕಳನ್ನು. ಅವರ ಆತ್ಮಕಥನ ‘ಕಾಲಕ್ಕೆ ಕನ್ನಡಿ’ಯನ್ನು, ಕನ್ನಡ ಓದಲು ಬಾರದವರು ಮನೆಯ ಹಿರಿಯರಿಂದ ಓದಿಸಿಕೊಂಡಾದರೂ ತಿಳಿಯಬೇಕು.

ಪದವಿಯ ಜೊತೆಗೆ ನೀವು ತರುವ ಈ ಕಣ್ಣಿಗೆ ಇಲ್ಲಿ ಕೆಲಸ ಕಾದಿದೆ. ನಮ್ಮ ಹಿರಿಯರು ಕೈಯಲ್ಲಿ ಒಂದು ಟ್ರಂಕು ಹಿಡಿದು ಈ ನಗರಗಳಿಗೆ ಬಂದವರು. ಹಗಲು ಹೋಟೆಲು, ಗಿರಣಿಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದರು, ಸಂಘಗಳನ್ನು ಕಟ್ಟಿದರು. ಅವರ ಹಳೆಯ ಗ್ರೂಪ್ ಫೋಟೋಗಳು ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಎರಡನೆಯ ಸಾಲಿನಲ್ಲಿ ಎಡದಿಂದ ಮೂರನೆಯವರು ಯಾರು ಎಂದು ಕೇಳಿದರೆ ಹೇಳಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ನ್ಯೂಹೇವನ್ನಿನ ಹೆಂಗಸರ ಹೆಸರನ್ನು ಹುಡುಕಿ ಬರೆಯಲು ಅಲ್ಲಿ ವಿದ್ವಾಂಸರಿದ್ದಾರೆ. ನಮ್ಮವರ ಹೆಸರು ಬರೆಯಲು ನಾವೇ ಆಗಬೇಕು. ಮುಂದಿನ ರಜೆಗೆ ಬಂದಾಗ ಅಜ್ಜಿಯ ಪಕ್ಕ ಆಲ್ಬಂ ಹಿಡಿದು ಕುಳಿತುಕೊಳ್ಳಿ. ಕಿಟಕಿಯ ಬೆಳಕಿನಲ್ಲಿ ಅವರದೊಂದು ಚಿತ್ರ ತೆಗೆಯಿರಿ. ಹಳೆಯದಾಗಲಿ ಹೊಸದಾಗಲಿ, ಪ್ರತಿಯೊಂದರ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದಿಡಿ.